ಓದುಗರ ಪ್ರಶ್ನೆ: ಅಗ್ನಿಶಾಮಕ ವಾಹನದ ಮೈಕಟ್ಟು

1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಕಗಳನ್ನೂ ಹತ್ತಿಯ ಅಂಡಿಗೆಗಳನ್ನೂ ತುಂಬಿಕೊಂಡು ನಿಂತಿದ್ದ ‘ಫೋರ್ಟ್ ಸ್ಟಿಕೀನ್’ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಅವರ ನೆನಪಿಗಾಗಿ ಪ್ರತಿವರ್ಷ ಅದೇ ದಿನದಿಂದ ದೇಶದಾದ್ಯಂತ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಸಪ್ತಾಹದ ಪ್ರದರ್ಶನಗಳನ್ನು ನೋಡಿದ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ವಾಹನದ ವಿನ್ಯಾಸವನ್ನೇ ಕುರಿತು ಕೇಳಿದವುಗಳನ್ನು ಈ ಬಾರಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಊರಿಗೆ ನೀರು ಪೂರೈಸುವ ಟ್ಯಾಂಕರ್‌ಗಳೇ ಹತ್ತು ಹನ್ನೆರಡು ಸಾವಿರ ಲೀಟರ್ ಹೊರುತ್ತವೆ. ಬೆಂಕಿ ಆರಿಸುವ ಗಾಡಿಯಲ್ಲಿ ಅದರ ಅರ್ಧದಷ್ಟೂ ನೀರಿರುವುದಿಲ್ಲವಲ್ಲ, ಏಕೆ? ಶಿರಾಡಿ ಘಾಟಿಯಲ್ಲಿ ಲಾರಿಗೆ ಬೆಂಕಿ ಬಿದ್ದರೆ ಆ ನೀರು ಎಷ್ಟು ಹೊತ್ತು ಬಂದೀತು?
— ಲಾರಿ ಮಾಲೀಕರೊಬ್ಬರು, ಸಕಲೇಶಪುರ

ಉತ್ತರ: ಅಗ್ನಿಶಾಮಕ ವಾಹನವನ್ನು ಟ್ಯಾಂಕರ್ ಎಂದು ಅಳೆದರೆ ಅದು ಬಡಕಲಾಗಿಯೇ ಕಾಣುತ್ತದೆ. ಅದನ್ನು ಪಂಪ್ ಹೊತ್ತ ಗಾಡಿ ಎಂದು ನೋಡಬೇಕು. ಕೆರೆ, ಹೊಳೆ ಅಥವಾ ಇನ್ನೊಂದು ವಾಹನದಿಂದ ನೀರು ಸಿಗುವವರೆಗೆ ಕೆಲಸ ಶುರುಮಾಡಲು ಬೇಕಾದಷ್ಟನ್ನು ಮಾತ್ರ ಅದು ಜೊತೆಗೆ ತರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಜಲವಾಹನದ ಟ್ಯಾಂಕು 4,500 ಲೀಟರಿನದು. ಅದರ ಪಂಪು 7 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಸಮುದ್ರಮಟ್ಟದ ವಾಯುಭಾರದಷ್ಟು) ನಿಮಿಷಕ್ಕೆ 2,250 ಲೀಟರ್ ನೀರನ್ನು ತಳ್ಳಬಲ್ಲದು. ಪಂಪನ್ನು ಪೂರ್ತಿ ಬಿಟ್ಟರೆ ಟ್ಯಾಂಕು ಎರಡೇ ನಿಮಿಷಕ್ಕೆ ಬರಿದು. ಆದರೆ ಹಾಗೆ ಯಾರೂ ಬಿಡುವುದಿಲ್ಲ. ತುದಿಯಲ್ಲಿ 20 ಮಿಲಿಮೀಟರ್ ರಂಧ್ರವಿರುವ ಒಂದು ಬ್ರಾಂಚಿನಿಂದ, ಅಂದರೆ ಹೋಸಿನ ಕೊನೆಗೆ ಜೋಡಿಸಿ ಕೈಯಲ್ಲಿ ಹಿಡಿಯುವ ಕೊಳವೆಯಿಂದ, ಅದೇ ಒತ್ತಡದಲ್ಲಿ ನಿಮಿಷಕ್ಕೆ ಸುಮಾರು 700 ಲೀಟರ್ ಹೊರಬೀಳುತ್ತದೆ, ಅಂದರೆ ಆರು ನಿಮಿಷಕ್ಕಿಂತ ತುಸು ಹೆಚ್ಚು ಕಾಲ ಬರುತ್ತದೆ. ಹೀಗೆ ಚಿಮ್ಮುವ ನೀರು ಹಿಡಿದವರನ್ನು ಸುಮಾರು 45 ಕಿಲೋ ಭಾರದಷ್ಟು ಬಲದಿಂದ ಹಿಂದಕ್ಕೆ ತಳ್ಳುವುದರಿಂದಲೇ ಬ್ರಾಂಚಿಗೆ ಇಬ್ಬರು ನಿಲ್ಲುವುದು. ಪಕ್ಕದಲ್ಲಿ ಸುತ್ತಿಟ್ಟಿರುವ ತೆಳುವಾದ ಹೋಸ್ ರೀಲನ್ನು ಅಧಿಕ ಒತ್ತಡದಲ್ಲಿ ಬಳಸಿದರೆ ನಿಮಿಷಕ್ಕೆ 100 ಲೀಟರ್ ಆಸುಪಾಸಿನಲ್ಲೇ ಕೆಲಸ ಸಾಗುತ್ತದೆ. ಅದೇ ಟ್ಯಾಂಕು ಮುಕ್ಕಾಲು ಗಂಟೆ ಬಾಳುತ್ತದೆ. ಲಾರಿಯ ಎಂಜಿನ್‌ಗೋ ಕ್ಯಾಬಿನ್‌ಗೋ ಬಿದ್ದ ಬೆಂಕಿಗೆ ಅಷ್ಟು ಸಾಕು. ಸರಕಿಗೆ ಹಿಡಿದುಕೊಂಡರೆ ಸಾಲದು.

ಟ್ಯಾಂಕನ್ನು ದೊಡ್ಡದು ಮಾಡಲು ಬಿಡದಿರುವುದು ತೂಕ. ನಾಲ್ಕೂವರೆ ಸಾವಿರ ಲೀಟರ್ ಎಂದರೆ ನಾಲ್ಕೂವರೆ ಟನ್. ಅದರ ಮೇಲೆ ಪಂಪು, ಏಣಿಗಳು, ಹೋಸ್‌ಗಳು, ಆರೇಳು ಮಂದಿ ಸಿಬ್ಬಂದಿ. ದೀರ್ಘಕಾಲ ನಮ್ಮ ಅಗ್ನಿಶಾಮಕ ವಾಹನಗಳ ಬುಡವಾಗಿದ್ದ ಟಾಟಾ 1613 ಚೇಸಿಯ ಹೆಸರಿನಲ್ಲೇ ಮಿತಿ ಅಡಗಿದೆ: ಮೊದಲಿನ 16 ಎಂದರೆ ಒಟ್ಟು ತೂಕ ಸುಮಾರು 16 ಟನ್, ಕೊನೆಯ 13 ಎಂದರೆ ಸುಮಾರು 130 ಅಶ್ವಶಕ್ತಿ. ಇದಕ್ಕಿಂತ ಬಹಳ ಭಾರವಾದರೆ ಮೂರನೆಯ ಆ್ಯಕ್ಸಲ್ ಬೇಕು, ಗಾಡಿ ಉದ್ದವಾಗುತ್ತದೆ, ಘಾಟಿಯ ತಿರುವಿನಲ್ಲಿ ಎರಡು ಸಲ ಹಿಂದೆ ಮುಂದೆ ಮಾಡಬೇಕಾಗುತ್ತದೆ. ನೀರು ಪೂರೈಸುವ ಟ್ಯಾಂಕರ್ ಮೆಲ್ಲಗೆ ಹೋದರೆ ನಡೆಯುತ್ತದೆ. ಕರೆ ಬಂದ ಗಾಡಿಗೆ ಆ ಸೌಲಭ್ಯವಿಲ್ಲ.

ಇನ್ನೊಂದು ಅಪಾಯ ಟ್ಯಾಂಕಿನ ಒಳಗಡೆಯದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ತಿರುವಿನ ಹೊರಮಗ್ಗುಲಿಗೆ ಎರಡು ಟನ್ ನೀರು ಒಮ್ಮೆಲೇ ನುಗ್ಗಿದರೆ ಚಾಲಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದ್ದರಿಂದ ಟ್ಯಾಂಕಿನೊಳಗೆ ಉದ್ದಕ್ಕೂ ಅಡ್ಡಕ್ಕೂ ತೂತುಗಳಿರುವ ಬ್ಯಾಫಲ್ ತಗಡುಗಳನ್ನು ನಿಲ್ಲಿಸಿ, ನೀರಿನ ಓಟವನ್ನು ಕೋಣೆ ಕೋಣೆಗಳಲ್ಲಿ ಮುರಿಯುತ್ತಾರೆ. ಹೊರಗಿನಿಂದ ಕಾಣದ ಈ ತಗಡುಗಳನ್ನು ನಾನು ಇಡೀ ವಾಹನದ ಅತ್ಯುತ್ತಮ ವಿನ್ಯಾಸ ಎನ್ನುತ್ತೇನೆ.

ಪ್ರಶ್ನೆ: ತೋಟದ ಸ್ಪ್ರಿಂಕ್ಲರ್‌ಗೆ ಕೆರೆಯಿಂದ ನೀರೆತ್ತುವ ನಮ್ಮ ಡೀಸೆಲ್ ಪಂಪಿಗೆ ಫುಟ್‌ವಾಲ್ವ್ ಇಲ್ಲದಿದ್ದರೆ, ಮೇಲಿನಿಂದ ನೀರು ಹುಯ್ಯದಿದ್ದರೆ ಒಂದು ಹನಿಯೂ ಏರುವುದಿಲ್ಲ. ಅಗ್ನಿಶಾಮಕ ವಾಹನವಾದರೋ ಒಣ ಪೈಪನ್ನು ಕೆರೆಗೆ ಇಳಿಬಿಟ್ಟು ಕೆಲವೇ ಸೆಕೆಂಡುಗಳಲ್ಲಿ ನೀರೆಳೆಯುತ್ತದೆ. ಅದು ಬೇರೆ ಜಾತಿಯ ಪಂಪೇ? ಮಂಗಳೂರಿನಲ್ಲಿ ಎಳೆಯುವಷ್ಟು ಆಳದಿಂದ ಮಲೆನಾಡಿನಲ್ಲಿ ಎಳೆಯಲಾರದು ಎನ್ನುತ್ತಾರೆ, ನಿಜವೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಜಾತಿ ಒಂದೇ. ಹೂಮಳೆ ಕೈಕೊಟ್ಟ ವರ್ಷ ನಿಮ್ಮ ಕೆರೆಯ ದಡದಲ್ಲಿ ಹಗಲಿರುಳು ಓಡುವ ಪಂಪೂ ಅಗ್ನಿಶಾಮಕ ವಾಹನದ ಪಂಪೂ ಎರಡೂ ಸೆಂಟ್ರಿಫ್ಯೂಗಲ್ ಪಂಪುಗಳೇ. ಇಂಪೆಲ್ಲರ್ ಎಂಬ ರೆಕ್ಕೆಗಳ ಚಕ್ರ ತಿರುಗಿ ನೀರನ್ನು ಹೊರಕ್ಕೆ ಎಸೆಯುತ್ತದೆ. ಗಾಳಿ ನೀರಿಗಿಂತ ನೂರಾರು ಪಟ್ಟು ಹಗುರವಾದ್ದರಿಂದ ಅದನ್ನು ಎಸೆಯಲು ಹೋದರೆ ಯಾವ ಒತ್ತಡವೂ ಹುಟ್ಟುವುದಿಲ್ಲ. ಪೈಪಿನ ಗಾಳಿಯನ್ನು ಮೊದಲು ತೆಗೆಯಲೇಬೇಕು. ನೀವು ಮೇಲಿನಿಂದ ನೀರು ಹುಯ್ದು ಗಾಳಿಯನ್ನು ಹೊರದೂಡುತ್ತೀರಿ, ಹುಯ್ದ ನೀರು ಕೆರೆಗೆ ಮರಳದಂತೆ ಫುಟ್‌ವಾಲ್ವ್ ಕಾಯುತ್ತದೆ. ಅಗ್ನಿಶಾಮಕ ವಾಹನದಲ್ಲಿ ಆ ಕೆಲಸಕ್ಕೆ ಪ್ರೈಮರ್ ಎಂಬ ಪುಟ್ಟ ಯಂತ್ರವೊಂದು ಬೇರೆಯೇ ಇರುತ್ತದೆ.

ಪ್ರೈಮರ್‌ಗಳಲ್ಲಿ ಹಲವು ಬಗೆ. ಹಳೆಯದೊಂದು ಬಗೆಯಲ್ಲಿ ಎಂಜಿನ್ನಿನ ಹೊಗೆಯನ್ನು ತಿರುಗಿಸಿ ಕಿರಿದಾದ ಕೊಳವೆಯೊಂದರ ಮೂಲಕ ರಭಸದಿಂದ ಹೋಗಗೊಡುತ್ತಾರೆ. ಆ ರಭಸಕ್ಕೆ ಪಂಪಿನೊಳಗಿನ ಗಾಳಿಯೂ ಎಳೆದುಕೊಂಡು ಹೋಗುತ್ತದೆ. ಇನ್ನೊಂದು ಬಗೆ ವಾಟರ್ ರಿಂಗ್ ಪ್ರೈಮರ್: ಮಧ್ಯಕ್ಕೆ ಕೂರದೆ ಒಂದು ಬದಿಗೆ ಸರಿದು ಕೂತ ರೋಟರ್ ತಿರುಗುವಾಗ ನೀರು ಗೋಡೆಗೆ ಬಳೆಯಂತೆ ಅಂಟಿಕೊಂಡು, ರೋಟರಿನ ರೆಕ್ಕೆಗಳ ನಡುವಿನ ಜಾಗ ಒಂದು ಕಡೆ ಹಿಗ್ಗಿ ಗಾಳಿಯನ್ನು ಒಳಗೆಳೆದು ಇನ್ನೊಂದು ಕಡೆ ಕುಗ್ಗಿ ಹೊರಹಾಕುತ್ತದೆ. ಪಿಸ್ಟನ್ ಪ್ರೈಮರ್‌ಗಳೂ ಇವೆ. ನೀರು ಏರಿ ಪಂಪು ಒತ್ತಡ ಕಟ್ಟಿದೊಡನೆ ಪ್ರೈಮರ್‌ನ ಕೆಲಸ ಮುಗಿಯಿತು.

ವಾಹನದ ಹಿಂದಿನ ಫಲಕದ ಬಳಿ ನಿಂತು ಈ ಕ್ಷಣಗಳನ್ನು ನೋಡುವುದು ಆಸಕ್ತರಿಗೆ ಹಬ್ಬ. ಅಲ್ಲಿ ಎರಡು ದೊಡ್ಡ ಗೇಜುಗಳಿರುತ್ತವೆ. ಒಂದು ಬರೀ ಒತ್ತಡವನ್ನು ತೋರಿಸುವಂಥದ್ದು. ಇನ್ನೊಂದು ಕಾಂಪೌಂಡ್ ಗೇಜ್, ಅದರ ಮುಳ್ಳು ಸೊನ್ನೆಯಿಂದ ಎಡಕ್ಕೂ ಓಡಬಲ್ಲದು. ಪ್ರೈಮರ್ ಹಾಕಿದಾಗ ಆ ಮುಳ್ಳು ಮೆಲ್ಲನೆ ಎಡಕ್ಕೆ, ನಿರ್ವಾತದ ಕಡೆಗೆ ವಾಲುತ್ತದೆ. ನೆಲದ ಮೇಲೆ ಬಿದ್ದಿರುವ ದಪ್ಪ ಸಕ್ಷನ್ ಹೋಸ್ ಒಮ್ಮೆ ಸೆಟೆದುಕೊಳ್ಳುತ್ತದೆ. ಆಮೇಲೆ ಒತ್ತಡದ ಗೇಜಿನ ಮುಳ್ಳು ಎದ್ದರೆ ನೀರು ಬಂತೆಂದು ಲೆಕ್ಕ; ಪಂಪಿನ ಆಪರೇಟರ್ ಡೆಲಿವರಿ ವಾಲ್ವಿನ ಚಕ್ರವನ್ನು ತಿರುಗಿಸುತ್ತಾರೆ. ಎಡಕ್ಕೆ ವಾಲಿದ ಮುಳ್ಳು ನಿಲ್ಲದೆ ಹಿಂದಿರುಗಿದರೆ ಎಲ್ಲೋ ಒಂದು ವಾಷರ್ ಗಾಳಿ ಬಿಡುತ್ತಿದೆ. ಇದನ್ನು ಮುಂಚೆಯೇ ಹಿಡಿಯಲು ಠಾಣೆಗಳಲ್ಲಿ ಎಲ್ಲ ಬಾಯಿಗಳನ್ನೂ ಮುಚ್ಚಿ, ನೀರಿಲ್ಲದೆ ಪ್ರೈಮರ್ ಓಡಿಸಿ ಮುಳ್ಳು ನಿಲ್ಲುತ್ತದೆಯೇ ಎಂದು ನೋಡುವ ರೂಢಿಯಿದೆ. ಸಕ್ಷನ್ ಹೋಸಿನೊಳಗೆ ತಂತಿಯ ಸುರುಳಿ ಇರುವುದೂ ಇದೇ ಕಾರಣಕ್ಕೆ: ಬಟ್ಟೆಯ ಡೆಲಿವರಿ ಹೋಸನ್ನು ಕೆರೆಗೆ ಬಿಟ್ಟರೆ ಹೊರಗಿನ ಗಾಳಿ ಅದನ್ನು ಅಪ್ಪಳಿಸಿ ಚಪ್ಪಟೆ ಮಾಡುತ್ತದೆ.

ಈಗ ಎತ್ತರದ ವಿಷಯ. ನೀವು ಕೇಳಿದ ಮಾತು ನಿಜ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆಯಾದರೂ ಕೆರೆಯ ಮೇಲ್ಮೈಯನ್ನು ಒತ್ತುತ್ತಿರುವ ವಾಯುಭಾರವೇ ನೀರನ್ನು ಪೈಪಿನೊಳಗೆ ಏರಿಸುವುದು. ಸಮುದ್ರಮಟ್ಟದಲ್ಲಿ ಆ ಭಾರ ನೀರನ್ನು ಹೆಚ್ಚೆಂದರೆ 10.3 ಮೀಟರ್ ಎತ್ತಬಲ್ಲದು. ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿರುವ ಚಿಕ್ಕಮಗಳೂರು, ಮೂಡಿಗೆರೆಗಳಲ್ಲಿ ಅದು 9 ಮೀಟರಿಗೆ ತುಸು ಮೇಲೆ ನಿಲ್ಲುತ್ತದೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 8 ಮೀಟರ್ ಚಿಲ್ಲರೆ. ಪೈಪಿನ ಘರ್ಷಣೆ, ಪೈಪಿನ ತುದಿಯಲ್ಲಿ ಕಸ ತಡೆಯುವ ಸ್ಟ್ರೈನರ್‌ನ ತಡೆ, ನೀರಿನ ಆವಿ ಇವೆಲ್ಲ ತಮ್ಮ ಪಾಲನ್ನು ಕಳೆದ ಮೇಲೆ ಕರಾವಳಿಯಲ್ಲಿ ಏಳು ಮೀಟರಿನ ಕೆಲಸವಾದರೆ ಇಲ್ಲಿ ಆರು ಮೀಟರಿನದೆಂದು ಇಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಕೆರೆ ಬತ್ತಿ ನೀರು ಕೆಳಗಿಳಿದಾಗ ಈ ಒಂದು ಮೀಟರ್ ದೊಡ್ಡದಾಗಿಬಿಡುತ್ತದೆ. ಎಷ್ಟು ಅಶ್ವಶಕ್ತಿಯ ಎಂಜಿನ್ ಹಾಕಿದರೂ ಈ ಮಿತಿಯನ್ನು ದಾಟುವಂತಿಲ್ಲ. ಗಾಡಿಯನ್ನೇ ಏರಿಯಿಂದ ಇಳಿಸಿ ನೀರಿಗೆ ಹತ್ತಿರ ತರಬೇಕು, ಇಲ್ಲವೇ ಹೊತ್ತೊಯ್ಯುವ ಪೋರ್ಟಬಲ್ ಪಂಪನ್ನು ದಡಕ್ಕೆ ಒಯ್ಯಬೇಕು. ತಳ್ಳುವ ಕಡೆಗೆ ಇಂಥ ಕಟ್ಟಿಲ್ಲ. ಅಲ್ಲಿ ಪ್ರತಿ 10 ಮೀಟರ್ ಏರಿಗೆ ಸುಮಾರು 1 ಬಾರ್ ಕಳೆಯುತ್ತದೆ ಅಷ್ಟೆ. ನಿಮ್ಮ ತೋಟದ ಕೆರೆಗೆ ಲಾರಿ ಇಳಿಯುವಂಥ ಗಟ್ಟಿ ದಾರಿಯೊಂದನ್ನು ಉಳಿಸಿಕೊಂಡಿದ್ದರೆ, ಪಾಚಿ ಜೊಂಡು ಇಲ್ಲದ ಒಂದು ಮೂಲೆಯನ್ನು ತೋರಿಸುವಂತಿದ್ದರೆ ಬಂದವರ ಅರ್ಧ ಕೆಲಸ ಹಗುರಾಗುತ್ತದೆ.

ಪ್ರಶ್ನೆ: ಚಿತ್ರಗಳಲ್ಲಿ ನೋಡುವ ಅಮೆರಿಕದ ಫೈರ್ ಎಂಜಿನ್‌ಗಳಲ್ಲಿ ಪಂಪಿನ ಫಲಕ ವಾಹನದ ನಡುವಿನಲ್ಲಿ, ಪಕ್ಕಕ್ಕೆ ಇರುತ್ತದೆ. ನಮ್ಮಲ್ಲಿ ಹಿಂದೆ ಇರುತ್ತದೆ. ಯಾವುದು ಉತ್ತಮ?
— ಪಾಲಿಟೆಕ್ನಿಕ್ ವಿದ್ಯಾರ್ಥಿ, ಹಾಸನ

ಉತ್ತರ: ಎರಡರಲ್ಲೂ ಪಂಪನ್ನು ಓಡಿಸುವುದು ಗಾಡಿಯ ಎಂಜಿನ್ನೇ, ಗೇರ್‌ಬಾಕ್ಸಿನ ಕಡೆಯಿಂದ ಪಿ.ಟಿ.ಒ. ಎಂಬ ಕವಲಿನ ಮೂಲಕ ಶಕ್ತಿಯನ್ನು ತೆಗೆದುಕೊಳ್ಳುತ್ತಾರೆ. ಪಂಪು ನಡುವಿನಲ್ಲಿದ್ದರೆ ಶಾಫ್ಟ್ ಚಿಕ್ಕದಾಗುತ್ತದೆ, ಭಾರ ಎರಡೂ ಆ್ಯಕ್ಸಲ್‌ಗಳ ಮೇಲೆ ಚೆನ್ನಾಗಿ ಹಂಚಿಕೆಯಾಗುತ್ತದೆ. ಆದರೆ ಫಲಕದ ಮುಂದೆ ನಿಂತವರ ಬೆನ್ನು ಓಡಾಡುವ ವಾಹನಗಳಿಗೆ ತೆರೆದಿರುತ್ತದೆ. ಅದಕ್ಕೇ ಅಲ್ಲಿಯವರು ಕೆಲವು ವಾಹನಗಳಲ್ಲಿ ಫಲಕವನ್ನು ಮೇಲಕ್ಕೆ ಒಯ್ದಿದ್ದಾರೆ. ಬ್ರಿಟಿಷ್ ಪದ್ಧತಿಯಿಂದ ನಮಗೆ ಬಂದ ಹಿಂಬದಿಯ ಪಂಪಿನ ಅನುಕೂಲ ಗೊತ್ತಾಗಬೇಕಾದರೆ ಅಗಲವಿಲ್ಲದ ಕೆರೆ ಏರಿಯ ಮೇಲೆ ನೋಡಬೇಕು: ಗಾಡಿಯನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿದರೆ ಸಕ್ಷನ್ ಬಾಯಿ ನೇರ ನೀರಿನ ಕಡೆಗಿರುತ್ತದೆ, ಪಕ್ಕಗಳಲ್ಲಿ ಜಾಗ ಬೇಕಿಲ್ಲ. ಅಮೆರಿಕದ ಗಾಡಿಗಳ ಹೊಳಪು, ಕ್ರೋಮ್, ಉದ್ದ ಮೂತಿ ಎಲ್ಲವೂ ನನಗೂ ಇಷ್ಟ. ಆದರೆ ಹಾಸನ ಜಿಲ್ಲೆಗೆ ಒಂದನ್ನು ಆರಿಸು ಎಂದರೆ ಹಿಂಬದಿಯ ಪಂಪನ್ನೇ ಆರಿಸುತ್ತೇನೆ.

ವಿದ್ಯಾರ್ಥಿಯಾದ್ದರಿಂದ ಇನ್ನೊಂದು ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ: 63 ಮಿಲಿಮೀಟರ್ ಡೆಲಿವರಿ ಹೋಸಿನ ಕೊಂಡಿ. ಅದರಲ್ಲಿ ತಿರುಪಿಲ್ಲ. ಗಂಡು ತುದಿಯನ್ನು ಹೆಣ್ಣು ತುದಿಯೊಳಗೆ ನೇರ ನೂಕಿದರೆ ಸ್ಪ್ರಿಂಗಿನ ಎರಡು ಹಲ್ಲುಗಳು ಟಕ್ಕೆಂದು ಹಿಡಿದುಕೊಳ್ಳುತ್ತವೆ. ಬಿಡಿಸಲು ಎರಡೂ ಪಕ್ಕದ ಗುಬುಟುಗಳನ್ನು ಎಳೆಯಬೇಕು. ಹೊಗೆಯಲ್ಲಿ, ಕೈಗವಸು ತೊಟ್ಟು, ಕಣ್ಣು ಕಾಣದಿದ್ದರೂ ಜೋಡಿಸಬಹುದು. ಒಳಗಿನ ರಬ್ಬರ್ ವಾಷರನ್ನು ನೀರಿನ ಒತ್ತಡವೇ ಬಿಗಿಮಾಡುವುದರಿಂದ ನೀರು ತುಂಬಿರುವಾಗ ಆ ಗುಬುಟು ಎಳೆಯುವುದು ಸುಲಭದ ಮಾತಲ್ಲ, ಎಳೆಯಲೂ ಬಾರದು.

ಪ್ರಶ್ನೆ: ಕೆಂಪು ಬಣ್ಣವೇ ಏಕೆ? ದೂರಕ್ಕೆ ಕಾಣಲೆಂದೇ?
— ಶಾಲಾ ಶಿಕ್ಷಕಿ, ಬೇಲೂರು

ಉತ್ತರ: ದೂರಕ್ಕೆ ಕಾಣುವುದರಲ್ಲಿ ಕೆಂಪು ಅಷ್ಟೇನೂ ಮುಂದಿಲ್ಲ. ಮಬ್ಬುಗತ್ತಲಲ್ಲಿ ನಮ್ಮ ಕಣ್ಣು ಕೆಂಪನ್ನು ಬೇಗ ಕಳೆದುಕೊಳ್ಳುತ್ತದೆ, ಹಸಿರು ಹಳದಿಗಳನ್ನು ತಡವಾಗಿ. ಅಮೆರಿಕದ ನೇತ್ರತಜ್ಞ ಸ್ಟೀಫನ್ ಸಾಲೊಮನ್ ಮತ್ತು ಜೇಮ್ಸ್ ಕಿಂಗ್ 1995ರಲ್ಲಿ ಡಲ್ಲಾಸ್ ನಗರದ ವಾಹನಗಳ ಅಪಘಾತಗಳನ್ನು ಹೋಲಿಸಿ, ನಿಂಬೆಹಳದಿ ಗಾಡಿಗಳು ಕೆಂಪು ಗಾಡಿಗಳಿಗಿಂತ ಕಡಿಮೆ ಅಪಘಾತಕ್ಕೆ ಸಿಲುಕುತ್ತವೆ ಎಂದು ತೋರಿಸಿದರು. ವಿಮಾನ ನಿಲ್ದಾಣಗಳ ಅಗ್ನಿಶಾಮಕ ವಾಹನಗಳು ಎಷ್ಟೋ ಕಡೆ ಹಳದಿಯಾಗಿರುವುದು ಇದೇ ತರ್ಕದಿಂದ. ಆದರೂ ಕೆಂಪೆಂದರೆ ಬೆಂಕಿಯ ಗಾಡಿ ಎಂದು ಜನ ಗುರುತಿಸುವುದೂ ಒಂದು ರಕ್ಷಣೆಯೇ. ಬೇಲೂರು ರಸ್ತೆಯಲ್ಲಿ ಮಾತ್ರ ದೂರದಿಂದ ಕಂಡ ಕೆಂಪು ನಮ್ಮ ಸರಕಾರಿ ಕೆಂಪು ಬಸ್ಸೇ ಆಗಿರುವ ಸಂಭವ ಹೆಚ್ಚು. ಬೆಳಕನ್ನು ಮರಳಿಸುವ ಹಳದಿ ಪಟ್ಟಿಗಳನ್ನು ಹಿಂದೆಯೂ ಪಕ್ಕದಲ್ಲೂ ಅಂಟಿಸುವುದು ಬಣ್ಣ ಬದಲಿಸುವುದಕ್ಕಿಂತ ಅಗ್ಗ, ರಾತ್ರಿಯ ಹೊತ್ತು ಹೆಚ್ಚು ಉಪಯುಕ್ತ.

ಪ್ರಶ್ನೆ: ಬೆಂಗಳೂರಿನಲ್ಲಿ 2022ರಲ್ಲಿ ಬಂದ 90 ಮೀಟರ್ ಏಣಿಯ ವಾಹನದಂಥದ್ದು ನಮ್ಮ ಊರಿಗೂ ಬರಬೇಡವೇ?
— ಕಾಲೇಜು ಯುವಕ, ಚಿಕ್ಕಮಗಳೂರು

ಉತ್ತರ: ಬೇಡ. ಅಷ್ಟೆತ್ತರದ ಏಣಿ ನಿಲ್ಲಬೇಕಾದರೆ ವಾಹನದ ನಾಲ್ಕೂ ಕಾಲುಗಳನ್ನು ಅಗಲಕ್ಕೆ ಚಾಚಿ ಗಟ್ಟಿ ನೆಲದ ಮೇಲೆ ಊರಬೇಕು. ನಮ್ಮ ಎಂ.ಜಿ. ರಸ್ತೆಯಲ್ಲಿ ಹಾಗೆ ನಿಂತರೆ ಅದರ ಹಿಂದಿನಿಂದ ನೀರಿನ ಗಾಡಿ ಒಳಬರಲಾರದು. ತೊಂಬತ್ತು ಮೀಟರ್ ಎಂದರೆ ಸುಮಾರು ಮೂವತ್ತು ಅಂತಸ್ತು. ನಮಗೆ ಆ ಕಟ್ಟಡಗಳೂ ಇಲ್ಲ.

ಪ್ರಶ್ನೆ: ಚಾರ್ಮಾಡಿಯಲ್ಲಿ ವಾಹನ ನಜ್ಜುಗುಜ್ಜಾದಾಗ ಒಳಗಿದ್ದವರನ್ನು ಬಿಡಿಸಲು ಬೇರೆಯೇ ವಾಹನ ಇರುತ್ತದೆಯೇ? ವಿದೇಶಗಳ ಹೆವಿ ರೆಸ್ಕ್ಯೂ ಟ್ರಕ್‌ಗಳ ಒಳಗೆ ಏನಿರುತ್ತದೆ?
— ಹೋಟೆಲ್ ವ್ಯಾಪಾರಿ, ಕೊಟ್ಟಿಗೆಹಾರ

ಉತ್ತರ: ಇರುತ್ತದೆ. ಭಾರತೀಯ ಮಾನಕಗಳಲ್ಲಿ ಜಲವಾಹನಕ್ಕೆ ಐ.ಎಸ್. 950 ಇದ್ದಂತೆ ರಕ್ಷಣಾ ವಾಹನಕ್ಕೆ ಐ.ಎಸ್. 949 ಎಂಬ ಬೇರೆ ಮಾನಕವೇ ಇದೆ. ನ್ಯೂಯಾರ್ಕಿನಲ್ಲಿ ರಕ್ಷಣೆಗೆಂದೇ ‘ರೆಸ್ಕ್ಯೂ 1’ ಎಂಬ ತುಕಡಿ 1915ರಲ್ಲಿ ಶುರುವಾಯಿತು. ಇಂಥ ವಾಹನದಲ್ಲಿ ನೀರು ಇರುವುದಿಲ್ಲ, ಇದ್ದರೂ ಹೆಸರಿಗಷ್ಟೆ. ನೀರು ಬಿಟ್ಟುಕೊಟ್ಟ ತೂಕವನ್ನು ಉಪಕರಣಗಳು ತುಂಬುತ್ತವೆ: ಜನರೇಟರ್, ಮೇಲಕ್ಕೆ ಚಾಚುವ ದೀಪಸ್ತಂಭ, ವಿಂಚ್, ಕೆಲವದರಲ್ಲಿ ಹಿಂದೆ ಮಡಚುವ ಕ್ರೇನ್, ಮತ್ತು ಸುಮಾರು 700 ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕತ್ತರಿ, ಅಗಲಿಸುವ ಸ್ಪ್ರೆಡರ್, ದೂಡುವ ರ‍್ಯಾಮ್.

ಇವೆಲ್ಲಕ್ಕಿಂತ ನನಗೆ ಸೋಜಿಗವೆನಿಸುವುದು ಗಾಳಿಚೀಲ. ಮಡಚಿದ ಗೋಣಿಯಷ್ಟೇ ತೆಳ್ಳಗಿರುವ, 60 ಸೆಂಟಿಮೀಟರ್ ಚೌಕದ ರಬ್ಬರ್ ಚೀಲವೊಂದನ್ನು ಲಾರಿಯ ಅಡಿಗೆ ತೂರಿಸಿ 8 ಬಾರ್ ಗಾಳಿ ತುಂಬಿದರೆ ಲೆಕ್ಕದ ಪ್ರಕಾರ ಸುಮಾರು 29 ಟನ್ ಎತ್ತುವ ಬಲ ಹುಟ್ಟುತ್ತದೆ. ಚೀಲ ಉಬ್ಬಿ ದುಂಡಗಾದಂತೆ ಲಾರಿಗೆ ತಾಗುವ ಜಾಗ ಕಿರಿದಾಗಿ ಬಲವೂ ಇಳಿಯುತ್ತದೆ. ಆದ್ದರಿಂದ ಒಂದೊಂದು ಬೆರಳಗಲ ಎತ್ತಿದಂತೆಲ್ಲ ಪಕ್ಕದಲ್ಲಿ ಮರದ ತುಂಡುಗಳನ್ನು ಜೋಡಿಸುತ್ತ ಹೋಗುತ್ತಾರೆ. ಹೀಗಾಗಿ ರಕ್ಷಣಾ ವಾಹನದಲ್ಲಿ ಮರದ ತುಂಡುಗಳಿಗೂ ಒಂದು ಅಂಕಣ ಮೀಸಲು.

ಒಳಗೆ ಹತ್ತಿ ಓಡಾಡಿ ಸಾಮಾನು ತೆಗೆಯುವ ವಿನ್ಯಾಸ ಒಂದು, ಹೊರಗಿನಿಂದಲೇ ಎಲ್ಲ ಅಂಕಣಗಳನ್ನೂ ತೆರೆಯುವ ವಿನ್ಯಾಸ ಇನ್ನೊಂದು. ಘಾಟಿಗೆ ಎರಡನೆಯದೇ ಸರಿ, ಅದರಲ್ಲೂ ಮೇಲಕ್ಕೆ ಸುತ್ತಿಕೊಳ್ಳುವ ಶಟರ್ ಇರುವಂಥದ್ದು. ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಪ್ರಪಾತ ಇರುವ ರಸ್ತೆಯಲ್ಲಿ ಹೊರಕ್ಕೆ ತೆರೆಯುವ ಬಾಗಿಲಿಗೆ ಜಾಗವೇ ಸಿಗುವುದಿಲ್ಲ. ಭಾರವಾದವು ಕೆಳಗಿನ ಅಂಕಣದಲ್ಲಿ, ಮೊದಲು ಬೇಕಾಗುವ ಕತ್ತರಿ ಸೊಂಟದ ಎತ್ತರದಲ್ಲಿ, ಹಗುರವಾದವು ಮೇಲೆ. ಕ್ರೇನ್ ಬಗ್ಗೆ ಮಾತ್ರ ಬಹಳ ಆಸೆ ಇಟ್ಟುಕೊಳ್ಳಬಾರದು. 2019ರ ಭೂಕುಸಿತದ ಬಳಿಕ ಭಾರಿ ವಾಹನಗಳಿಗೆ ನಿರ್ಬಂಧ ಕಂಡ ಚಾರ್ಮಾಡಿಯಲ್ಲಿ, ಮಳೆಗಾಲದ ಮೆತ್ತಗಿನ ಅಂಚಿನ ಮೇಲೆ ಅದರ ಕಾಲೂರಲು ಯಾವ ಆಪರೇಟರೂ ಒಪ್ಪಲಾರರು. ಮರಕ್ಕೋ ಬಂಡೆಗೋ ಕಟ್ಟಿ ಎಳೆಯುವ ವಿಂಚ್ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಹುಲ್ಲುಗಾವಲಿಗೆ ಬೆಂಕಿ ಬಿದ್ದಾಗ ಕಾವಲುಗಾರರು ಹಸಿ ಸೊಪ್ಪಿನಿಂದ ಬಡಿಯುತ್ತಾರೆ. ಅಲ್ಲಿಗೆ ಹತ್ತುವ ಅಗ್ನಿಶಾಮಕ ವಾಹನ ಮಾಡಲಾಗದೇ?
— ಚಾರಣಿಗರೊಬ್ಬರು, ಚಿಕ್ಕಮಗಳೂರು

ಉತ್ತರ: ಮಾಡಬಹುದು, ಆದರೆ ಅದು ಬೇರೆ ಪ್ರಾಣಿ. ಸಾಮಾನ್ಯ ಜಲವಾಹನದಲ್ಲಿ ಪಂಪು ಓಡುವಾಗ ಗಾಡಿ ನಿಂತಿರಬೇಕು, ಏಕೆಂದರೆ ಎಂಜಿನ್ನಿನ ಶಕ್ತಿ ಚಕ್ರಕ್ಕೆ ಹೋಗುವ ಬದಲು ಪಂಪಿಗೆ ತಿರುಗಿರುತ್ತದೆ. ಹುಲ್ಲಿನ ಬೆಂಕಿ ಗಾಳಿಯೊಡನೆ ಓಡುತ್ತದೆ. ಅದರ ಅಂಚನ್ನು ಹಿಡಿಯಲು ನಡೆಯುತ್ತಲೇ ನೀರು ಚಿಮ್ಮುವ ಗಾಡಿ ಬೇಕು. ಅದಕ್ಕಾಗಿ ಪಂಪಿಗೆ ಪ್ರತ್ಯೇಕ ಎಂಜಿನ್ ಕೂರಿಸುತ್ತಾರೆ. ಯುರೋಪಿನ ಕಾಡುಗಳಲ್ಲಿ ಬಳಸುವ ಉನಿಮೋಗ್ ಲಾರಿಯ ಆ್ಯಕ್ಸಲ್ ಚಕ್ರದ ಮಧ್ಯಕ್ಕಿಂತ ಮೇಲಿರುವುದರಿಂದ ಬಂಡೆಗಳು ಅದರ ಹೊಟ್ಟೆಗೆ ತಾಗುವುದು ಕಡಿಮೆ. ನಮ್ಮ ಗುಡ್ಡಗಳಿಗೆ ಅದಕ್ಕಿಂತಲೂ ಚಿಕ್ಕದು ಸಾಕು: ತೋಟಗಳಲ್ಲಿ ಓಡಾಡುವಂಥ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಜೀಪಿನ ಮೇಲೆ ಮುನ್ನೂರು ನಾನೂರು ಲೀಟರಿನ ಟ್ಯಾಂಕು, ನೀರನ್ನು ಮಂಜಿನಂತೆ ಒಡೆಯುವ ಅಧಿಕ ಒತ್ತಡದ ಪಂಪು. ಎಂಜಿನ್‌ಗೆ ಟರ್ಬೊ ಇರಲಿ. ಅದಿಲ್ಲದ ಡೀಸೆಲ್ ಎಂಜಿನ್ ಪ್ರತಿ ನೂರು ಮೀಟರ್ ಏರಿಗೆ ಸುಮಾರು ಶೇಕಡಾ ಒಂದರಷ್ಟು ಶಕ್ತಿ ಕಳೆದುಕೊಳ್ಳುತ್ತದೆ.

ಇಷ್ಟಾಗಿಯೂ ಶೋಲಾ ಕಾಡಿನ ಇಳಿಜಾರುಗಳಲ್ಲಿ ಯಾವ ಚಕ್ರವೂ ಹೋಗದ ಜಾಗಗಳೇ ಹೆಚ್ಚು. ಅಲ್ಲಿ ಬೇಸಿಗೆಗೆ ಮುಂಚೆ ಹುಲ್ಲು ಸವರಿ ತೆಗೆದ ಬೆಂಕಿ ರೇಖೆ ಮತ್ತು ಸೊಪ್ಪಿನ ಬಡಿತವೇ ಗತಿ. ಚಕ್ರ ಹೋಗುವಂತೆ ರಸ್ತೆ ಕಡಿಯಿರಿ ಎಂದು ನಾನಂತೂ ಬರೆಯಲಾರೆ.

ಪ್ರಶ್ನೆ: ಜಲವಾಹನದ ಮಾದರಿಯನ್ನು 1:50 ಪ್ರಮಾಣದಲ್ಲಿ ಮಾಡುತ್ತಿದ್ದೇನೆ. ಬಣ್ಣ, ಏಣಿ, ಶಟರ್ ಎಲ್ಲ ಸರಿಯಿದ್ದರೂ ಆಟಿಕೆಯಂತೆಯೇ ಕಾಣುತ್ತದೆ. ಎಲ್ಲಿ ತಪ್ಪಿದೆ?
— ಮಾದರಿ ತಯಾರಕರು, ಅರಸೀಕೆರೆ

ಉತ್ತರ: ಕಳುಹಿಸಿದ ಚಿತ್ರವನ್ನು ನೋಡಿದೆ, ಗಾಡಿಯ ಹಿಂಭಾಗ ಖಾಲಿ ಲಾರಿಯಂತೆ ಎತ್ತರಕ್ಕೆ ನಿಂತಿದೆ. ಸರಕಿನ ಲಾರಿ ತುಂಬಿಕೊಂಡು ಹೋಗಿ ಖಾಲಿಯಾಗಿ ಬರುತ್ತದೆ, ಅದರ ಸ್ಪ್ರಿಂಗ್ ಪಟ್ಟಿಗಳು ಏರಿಳಿಯುತ್ತವೆ. ಅಗ್ನಿಶಾಮಕ ವಾಹನ ಠಾಣೆಯಲ್ಲಿ ನಿಂತಿರುವಾಗಲೂ ನೀರು ತುಂಬಿಕೊಂಡೇ ಇರುತ್ತದೆ, ಆದ್ದರಿಂದ ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಸದಾ ಬಹುಪಾಲು ನೇರವಾಗಿ ಒತ್ತಿಕೊಂಡಿರುತ್ತವೆ, ಟೈರುಗಳ ಬುಡ ಸ್ವಲ್ಪ ಹರಡಿರುತ್ತದೆ. ಹಿಂದಿನ ಆ್ಯಕ್ಸಲ್ ಕೂರುವ ಜಾಗವನ್ನು ಒಂದೂವರೆ ಮಿಲಿಮೀಟರ್ ಉಜ್ಜಿ, ಹಿಂದಿನ ಜೋಡಿ ಟೈರುಗಳ ತಳವನ್ನು ಉಪ್ಪುಕಾಗದದ ಮೇಲೆ ಒಮ್ಮೆ ಎಳೆಯಿರಿ.